ಹಳೇ ಗೋಡೆ, ಹೊಸ ಪಾಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೈಸೂರಿನ ಹಳೇ ಬಡಾವಣೆಗಳಲ್ಲಿ ಒಂಟಿ ಮನೆಗಳು ಒಂದೊಂದಾಗಿ ನೆಲಕ್ಕುರುಳಿ ಅದೇ ಜಾಗದಲ್ಲಿ ಮೂರು–ನಾಲ್ಕು ಅಂತಸ್ತು ಏಳುತ್ತಿವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರದ್ದೇ. ತಕರಾರುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಬಹುಪಾಲು ಕೆಲಸ ಶುರುವಾಗುವ ಮೊದಲೇ ಹುಟ್ಟಿದಂಥವು. ಕೆಡವುವ ಮುಂಚೆ ಗೋಡೆ ನೋಡಿಲ್ಲ, ಅಗೆಯುವ ಮುಂಚೆ ಅಳತೆ ಹಿಡಿದಿಲ್ಲ, ಸಹಿ ಹಾಕುವ ಮುಂಚೆ ಕಾಗದ ಓದಿಲ್ಲ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಪ್ರಶ್ನೆ: ಅಗ್ರಹಾರದಲ್ಲಿ ನಮ್ಮ ತಾತನ ಕಾಲದ ಮನೆ ಇದೆ. ಅಗಲ 22 ಅಡಿ, ಉದ್ದ 70 ಅಡಿ. ಮಣ್ಣುಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮೇಲೆ ಮದ್ರಾಸ್ ತಾರಸಿ. ಕೆಡವಿ ಹೊಸದಾಗಿ ಕಟ್ಟಬೇಕು. ಎಡಗಡೆ ಮನೆಯವರಿಗೂ ನಮಗೂ ಒಂದೇ ಗೋಡೆ. "ಅರ್ಧ ಗೋಡೆ ನಿಮ್ಮದೇ ತಾನೆ, ಅಷ್ಟು ಕಡಿದುಕೊಂಡರಾಯಿತು" ಅಂತಾರೆ ಕಂಟ್ರಾಕ್ಟರ್. ಪಕ್ಕದ ಮನೆ ಅಜ್ಜಿ ಹೆದರಿಹೋಗಿದ್ದಾರೆ. ಏನು ಮಾಡುವುದು?
— ಓದುಗರು, ಅಗ್ರಹಾರ, ಮೈಸೂರು

ಉತ್ತರ: ಅಜ್ಜಿ ಹೆದರಿರುವುದರಲ್ಲಿ ಅರ್ಥವಿದೆ. 18 ಇಂಚಿನ ಮಣ್ಣುಗಾರೆ ಗೋಡೆಯನ್ನು ಉದ್ದಕ್ಕೆ ಸೀಳಿ 9 ಇಂಚು ಉಳಿಸಿದರೆ ಅದು ನಿಲ್ಲುವುದಿಲ್ಲ. ಎರಡೂ ಮೈಯ ಇಟ್ಟಿಗೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದಲೇ ಆ ಗೋಡೆಗೆ ಬಲ. ಹೆಣಿಗೆ ಕಡಿದ ಮೇಲೆ ಉಳಿಯುವುದು ಸಡಿಲ ಇಟ್ಟಿಗೆಯ ಸಾಲು, ಅಷ್ಟೆ. ಕಾಗದದ ಮೇಲೆ ಅರ್ಧ ನಿಮ್ಮದಾಗಿದ್ದರೂ ಗೋಡೆ ಮಾತ್ರ ಇಡಿಯಾಗಿಯೇ ಇರಬೇಕು.

ಮೊದಲು ಎರಡೂ ಮನೆಯ ಕ್ರಯಪತ್ರಗಳ ಚಕ್ಕುಬಂದಿ ಓದಿ. "ಜಂಟಿ ಗೋಡೆ" ಎಂದು ಬರೆದಿದೆಯೋ, ಗೋಡೆ ಪೂರ್ತಿ ಒಬ್ಬರದ್ದೋ ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಪಕ್ಕದವರ ಜೊತೆ ಕೂತು ಒಂದು ಒಪ್ಪಂದ ಬರೆಯಿಸಿ: ಗೋಡೆ ಈಗಿರುವ ಸ್ಥಿತಿ, ದಿನಾಂಕವಿರುವ ಫೋಟೊಗಳು, ಹಾನಿಯಾದರೆ ಯಾರು ಸರಿಮಾಡಿಸಬೇಕು, ಕೆಲಸಕ್ಕೆ ಅವರ ಮನೆಯೊಳಗೆ ಯಾವಾಗ ಬರಬಹುದು. ನಿಮ್ಮ ಮನೆ ಅರಮನೆ ಸುತ್ತಲಿನ ಹಳೇ ಭಾಗದಲ್ಲಿರುವುದರಿಂದ, ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆಯೇ ಎಂದು ಪಾಲಿಕೆಯ ನಗರ ಯೋಜನೆ ವಿಭಾಗದಲ್ಲೂ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯಲ್ಲೂ ಕೇಳಿ. ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಪಟ್ಟಿಯಲ್ಲಿದ್ದರೆ ಕತೆಯೇ ಬೇರೆ, ಕೆಡವುವ ಮಾತು ಅಲ್ಲಿಗೇ ನಿಲ್ಲಬಹುದು.

ಇನ್ನು ಕೆಲಸ. ಮದ್ರಾಸ್ ತಾರಸಿಯಲ್ಲಿ ತೇಗದ ಜಂತೆಗಳು ಒಂದು–ಒಂದೂವರೆ ಅಡಿಗೊಂದರಂತೆ ಗೋಡೆಯೊಳಕ್ಕೆ 6ರಿಂದ 9 ಇಂಚು ಹೊಕ್ಕಿರುತ್ತವೆ. ಅವುಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿ, ಇಟ್ಟಿಗೆ ಜಲ್ಲಿಯ ಕಾಂಕ್ರೀಟು ಹಾಸಿರುತ್ತಾರೆ. ಜಂಟಿ ಗೋಡೆಯಲ್ಲಿ ನಿಮ್ಮ ಜಂತೆಯ ತುದಿಯೂ ಪಕ್ಕದವರ ಜಂತೆಯ ತುದಿಯೂ ಕೆಲವು ಕಡೆ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಇರುತ್ತವೆ. ನಿಮ್ಮದನ್ನು ಹಾರೆ ಹಾಕಿ ಎಳೆದರೆ ಅವರದ್ದರ ಕೆಳಗಿನ ಇಟ್ಟಿಗೆಯೂ ಉದುರುತ್ತದೆ. ಆದ್ದರಿಂದ ಮೊದಲು ಅವರ ಮನೆಯೊಳಗೆ, ಗೋಡೆಯಿಂದ ಎರಡಡಿ ಒಳಗೆ, ಉದ್ದಕ್ಕೂ ಒಂದು ಮರದ ಅಡ್ಡ ತೊಲೆ ಕೊಟ್ಟು ನಾಲ್ಕು ಅಡಿಗೊಂದು ಜಾಕಿ ನಿಲ್ಲಿಸಿ. ಜಾಕಿಯ ಬುಡಕ್ಕೆ ಹಲಗೆ ಇರಲಿ, ಇಲ್ಲದಿದ್ದರೆ ಅವರ ರೆಡ್ ಆಕ್ಸೈಡ್ ನೆಲ ಒಡೆಯುತ್ತದೆ.

ನಿಮ್ಮ ಕಡೆ ತಾರಸಿಯ ಗಾರೆ, ಇಟ್ಟಿಗೆ ಕೈಯಲ್ಲೇ ಬಿಡಿಸಿ ಇಳಿಸಿ. ಜಂತೆಯನ್ನು ಗೋಡೆಯಿಂದ ಒಂದಡಿ ಬಿಟ್ಟು ಗರಗಸದಲ್ಲಿ ಕೊಯ್ಯಿರಿ. ಉಳಿದ ಮೋಟುಗಳನ್ನು ಒಂದೊಂದಾಗಿ ಅಲ್ಲಾಡಿಸಿ ತೆಗೆದು, ತೆಗೆದ ಗೂಡನ್ನು ಅವತ್ತೇ ಇಟ್ಟಿಗೆ ಮತ್ತು ಗಾರೆಯಲ್ಲಿ ಬಿಗಿಯಾಗಿ ತುಂಬಿಸಿ. ಹತ್ತು ಗೂಡು ತೆರೆದಿಟ್ಟು "ನಾಳೆ ಒಟ್ಟಿಗೆ ತುಂಬ್ತೀವಿ ಸಾರ್" ಎನ್ನುವ ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ. ಈ ಗೋಡೆಯಿಂದ ಆರು ಅಡಿಯೊಳಗೆ ಜೆಸಿಬಿ ಬರಕೂಡದು.

ಹೆಚ್ಚಿನವರು ಎಡವುವುದು ಅಡ್ಡಗೋಡೆಗಳಲ್ಲಿ. ನಡುಮನೆ, ಅಡುಗೆಮನೆಗಳ ಅಡ್ಡಗೋಡೆಗಳೇ ಜಂಟಿ ಗೋಡೆಯನ್ನು ಇಷ್ಟು ವರ್ಷ ವಾಲದಂತೆ ಹಿಡಿದಿದ್ದವು. ಅವನ್ನೆಲ್ಲ ಬುಡಸಮೇತ ಕಿತ್ತರೆ 70 ಅಡಿ ಉದ್ದದ, ಎತ್ತರದ ಒಂಟಿ ಗೋಡೆಗೆ ಆಸರೆಯೇ ಇರುವುದಿಲ್ಲ. ಪ್ರತಿ ಅಡ್ಡಗೋಡೆಯನ್ನೂ ಜಂಟಿ ಗೋಡೆಯ ಬಳಿ ಎರಡು–ಮೂರು ಅಡಿ ಮೋಟಾಗಿ ಉಳಿಸಿ. ಮಧ್ಯೆ ಎಂಟು–ಹತ್ತು ಅಡಿಗೊಂದು ಓರೆ ಆಸರೆ ಕೊಡಿ. ಹೊಸ ಕಂಬಗಳು ಮೇಲೆದ್ದ ಮೇಲೆ ಮೋಟು ತೆಗೆದರೆ ಸಾಕು.

ಬಯಲಾದ ಗೋಡೆಗೆ ಮಳೆಯೇ ಶತ್ರು. ಸುಣ್ಣ ಅಥವಾ ಮಣ್ಣಿನ ಗಾರೆಯ ಗೋಡೆ ನೀರು ಕುಡಿದರೆ ತೂಕ ಏರುತ್ತದೆ, ಹಿಡಿತ ಇಳಿಯುತ್ತದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದದ್ದು, 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಕುಸಿದದ್ದು ಎರಡೂ ಆಗಸ್ಟ್ ತಿಂಗಳಲ್ಲೇ. ಮೈಸೂರಿಗೆ ಜೋರು ಮಳೆ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಕೆಡವುವ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಗೋಡೆಯ ನೆತ್ತಿಗೆ ಇಳಿಜಾರಾಗಿ ಗಾರೆ ಬಳಿದು ಟಾರ್ಪಾಲು ಹೊದಿಸಿ. ಬಯಲಾದ ಮೈಗೆ ಸುಣ್ಣದ ಗಾರೆಯನ್ನೇ ಮೆತ್ತಿಸಿ. ಮಣ್ಣುಗೋಡೆಗೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಒಂದೆರಡು ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಹೊಸ ಕಟ್ಟಡದ ಭಾರ ಈ ಗೋಡೆಗೆ ಒಂದಿಷ್ಟೂ ಬೀಳಬಾರದು. ಕಂಬದ ಪಾಯವನ್ನು ಗೋಡೆಯ ಕೆಳಕ್ಕೆ ನುಗ್ಗಿಸದೆ ಒಳಕ್ಕೆ ಸರಿಸಿ, ಸ್ಟ್ರಾಪ್ ಬೀಮ್ (ಎರಡು ಪಾಯಗಳನ್ನು ಜೋಡಿಸುವ ತೊಲೆ) ಮೂಲಕ ಒಳಗಿನ ಪಾಯಕ್ಕೆ ಕಟ್ಟುವ ವಿನ್ಯಾಸವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಮಾಡಿಸಿ. ಗುಂಡಿಗಳನ್ನು ಒಂದು ಬಿಟ್ಟು ಒಂದರಂತೆ ತೋಡಿಸಿ. ಹಳೇ ಗೋಡೆಗೂ ಹೊಸ ಕಟ್ಟಡಕ್ಕೂ ನಡುವೆ ಮೂರು–ನಾಲ್ಕು ಇಂಚು ಸಂದು ಬಿಟ್ಟು, ಸಂದಿನ ನೆತ್ತಿಯನ್ನು ತಗಡಿನಿಂದ ಮುಚ್ಚಿಸಿ. ಮುಚ್ಚದೆ ಬಿಟ್ಟರೆ ಮಳೆನೀರು ಅಲ್ಲೇ ನಿಂತು ಎರಡೂ ಮನೆಯ ಗೋಡೆ ಪಾಚಿ ಕಟ್ಟುತ್ತದೆ, ಆಮೇಲೆ ಅಲ್ಲಿಗೆ ಕೈ ಹಾಕಲೂ ಆಗುವುದಿಲ್ಲ.

ಪ್ರಶ್ನೆ: ನಮ್ಮದು 1990ರಲ್ಲಿ ಕಟ್ಟಿದ ಮನೆ. ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟ್‌ಗೆ ನೆಲಮಾಳಿಗೆ ಅಗೆಯುತ್ತಿದ್ದಾರೆ, ಆಗಲೇ 11 ಅಡಿ ಆಳ. ನಮ್ಮ ಊಟದ ಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಂದಿದೆ. ಕೇಳಿದರೆ "ಹಳೇ ಬಿರುಕು ಅದು" ಎನ್ನುತ್ತಾರೆ. ಹೇಗೆ ಸಾಬೀತು ಮಾಡುವುದು?
— ಓದುಗರು, ಕುವೆಂಪುನಗರ

ಉತ್ತರ: ಸಾಬೀತಿಗಿಂತ ಮೊದಲು ಅಪಾಯ ಎಷ್ಟೆಂದು ಅಳೆಯಿರಿ. ಲೆಕ್ಕ ಸುಲಭ. ನಿಮ್ಮ ಪಾಯದ ತಳದ ಅಂಚಿನಿಂದ ಕೆಳಕ್ಕೆ 45 ಡಿಗ್ರಿ ಓರೆಗೆರೆ ಎಳೆದಂತೆ ಊಹಿಸಿಕೊಳ್ಳಿ. ಗುಂಡಿ ಆ ಗೆರೆಯ ಹೊರಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ನಿಮ್ಮ ಸೈಜುಗಲ್ಲು ಪಾಯ 4 ಅಡಿ ಆಳವಿದ್ದು ಅವರ ಗುಂಡಿ 11 ಅಡಿ ಇದ್ದರೆ ವ್ಯತ್ಯಾಸ 7 ಅಡಿ. ಅಂದರೆ ಗುಂಡಿಯ ಅಂಚು ನಿಮ್ಮ ಪಾಯದಿಂದ ಕನಿಷ್ಠ 7 ಅಡಿ ದೂರವಿರಬೇಕು. ನಿಮ್ಮ ಸೆಟ್‌ಬ್ಯಾಕ್ (ಗಡಿಯಿಂದ ಮನೆಗೆ ಬಿಟ್ಟ ಜಾಗ) 3 ಅಡಿ, ಅವರು ಕಾಂಪೌಂಡ್ ಗೋಡೆಗೆ ಅಂಟಿಕೊಂಡೇ ಅಗೆದಿದ್ದಾರೆ ಎಂದಾದರೆ ಉತ್ತರ ನಿಮಗೇ ಗೊತ್ತಾಯಿತು. ಮೈಸೂರಿನ ಕೆಂಪು ಗರಸು ಮಣ್ಣು ಒಣಗಿರುವಾಗ ಗೋಡೆಯಂತೆ ನೆಟ್ಟಗೆ ನಿಂತು ಎಲ್ಲರನ್ನೂ ಮರುಳು ಮಾಡುತ್ತದೆ. ಒಂದು ಜೋರು ಮಳೆ ಬಿದ್ದು ಕಾಂಪೌಂಡ್ ಬುಡಕ್ಕೆ ನೀರು ಇಳಿದರೆ ಹಲಗೆ ಹಲಗೆಯಾಗಿ ಜಾರುತ್ತದೆ.

ಬಿರುಕು ಹಳೆಯದೋ ಹೊಸದೋ ನೋಡಲು ಟಾರ್ಚ್ ಹಿಡಿಯಿರಿ. ಹಳೇ ಬಿರುಕಿನ ಒಳಗೆ ಧೂಳು, ಜೇಡರ ಬಲೆ, ಹಿಂದಿನ ಸುಣ್ಣಬಣ್ಣದ ಅಂಟು ಇರುತ್ತದೆ. ಹೊಸದರ ಅಂಚು ಚೂಪಾಗಿರುತ್ತದೆ, ಒಳಗಿನ ಇಟ್ಟಿಗೆ ಬಣ್ಣ ತಾಜಾ ಕಾಣುತ್ತದೆ. ಆಮೇಲೆ ಬಿರುಕಿಗೆ ಅಡ್ಡಲಾಗಿ, ಸೂಕ್ಷ್ಮದರ್ಶಕಕ್ಕೆ ಬಳಸುವಂಥ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಅರಾಲ್ಡೈಟ್ ಹಾಕಿ ಅಂಟಿಸಿ, ಗೋಡೆಯ ಮೇಲೆ ದಿನಾಂಕ ಬರೆಯಿರಿ. ಗಾಜು ಬಿರಿದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ದಿನಕ್ಕೊಂದು ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಅಗಲ 1 ಮಿ.ಮೀ. ಒಳಗಿದ್ದರೆ ಬಣ್ಣದ ಕೆಲಸ. 5 ಮಿ.ಮೀ.ವರೆಗೆ ಇದ್ದರೆ ಗಾರೆ ತುಂಬಿ ಸರಿಮಾಡಬಹುದು. 5ರಿಂದ 15 ಮಿ.ಮೀ. ಇದ್ದು ಬಾಗಿಲು ಬಿಗಿಯಾಗುತ್ತಿದ್ದರೆ ಎಂಜಿನಿಯರ್ ಬಂದು ನೋಡಲೇಬೇಕು. ಅದಕ್ಕೂ ಹೆಚ್ಚಾದರೆ ಆ ಕೋಣೆಯಲ್ಲಿ ಯಾರೂ ಮಲಗಬೇಡಿ.

ಅವರ ಕಡೆ ಈಗ ಆಗಬೇಕಾದದ್ದು: ನಿಮ್ಮ ಗಡಿಯಲ್ಲಿ ಅಗೆತ ನಿಲ್ಲಿಸಿ ಮರಳಿನ ಚೀಲ ಅಥವಾ ಅಗೆದ ಮಣ್ಣನ್ನೇ ವಾಪಸು ಒಡ್ಡಿ ಇಳಿಜಾರು ಮಾಡುವುದು. ನಂತರ ಗಡಿಯುದ್ದಕ್ಕೂ ನಾಲ್ಕೈದು ಅಡಿ ಅಗಲದ ಪಟ್ಟಿಗಳಾಗಿ, ಒಂದು ಬಿಟ್ಟು ಒಂದರಂತೆ ತೋಡಿ ತಡೆಗೋಡೆ ಎಬ್ಬಿಸುವುದು. ಆಳ ಹೆಚ್ಚಿದ್ದರೆ ಮೊದಲೇ ಮೈಕ್ರೋಪೈಲ್ (ನೆಲದೊಳಕ್ಕೆ ಕೊರೆದು ಇಳಿಸುವ ಸಣ್ಣ ಕಂಬ) ಇಳಿಸುವುದು. ಬಂಡೆ ಸಿಕ್ಕಿದರೆ ಸಿಡಿಮದ್ದು ಬೇಡವೆಂದು ಈಗಲೇ ಬರೆದುಕೊಡಿ. ರಂಧ್ರ ಕೊರೆದು ಉಬ್ಬುವ ರಾಸಾಯನಿಕ ಪುಡಿ ತುಂಬಿದರೆ ಒಂದು ದಿನದ ಹೊತ್ತಿಗೆ ಬಂಡೆ ಸದ್ದಿಲ್ಲದೆ ಬಿರಿಯುತ್ತದೆ. ಖರ್ಚು ಹೆಚ್ಚು, ಅದು ಅವರ ಖರ್ಚು.

ಕಾಗದದ ಕಡೆ: ಪಾಲಿಕೆಯ ವಲಯ ಕಚೇರಿಗೆ ಫೋಟೊ ಸಮೇತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ನಕ್ಷೆಯಲ್ಲಿ ನೆಲಮಾಳಿಗೆಯೇ ಇಲ್ಲದಿರುವುದೂ ಉಂಟು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಪಕ್ಕದ ನೆಲದ ಆಸರೆ ನಿಮ್ಮ ನೆಲಕ್ಕೆ ಸಹಜವಾಗಿಯೇ ಸಿಗಬೇಕು. 20 ವರ್ಷ ತಕರಾರಿಲ್ಲದೆ ಕಟ್ಟಡ ಹೊತ್ತು ನಿಂತ ನೆಲಕ್ಕೆ ಆ ಭಾರದ ಸಮೇತ ಆಸರೆಯ ಹಕ್ಕು ದೊರೆಯುತ್ತದೆ. ನಿಮ್ಮ ಮನೆಗೆ 30 ದಾಟಿದೆ. ತಡೆಯಾಜ್ಞೆಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವುದಾದರೆ ಗಾಜುಪಟ್ಟಿಯ ಫೋಟೊಗಳೂ ಎಂಜಿನಿಯರ್ ವರದಿಯೂ ಕೈಯಲ್ಲಿರಲಿ.

ಪ್ರಶ್ನೆ: ಮನೆ ಮುಂದಿನ ಮಳೆಮರ ಹೊಸ ಗೇಟಿಗೆ ಅಡ್ಡ ಬರುತ್ತದೆ. ನಮ್ಮ ಕಾಂಪೌಂಡ್ ಒಳಗೂ ಒಂದು ಹಲಸು, ಎರಡು ತೆಂಗು ಇವೆ. ಕಡಿಸಬಹುದೆ?
— ಓದುಗರು, ಸರಸ್ವತಿಪುರಂ

ಉತ್ತರ: ರಸ್ತೆಯ ಮರ ನಿಮ್ಮದಲ್ಲ, ಮುಟ್ಟಬೇಡಿ. ಸ್ವಂತ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ, ಹಲಸಿಗೆ ಇಲ್ಲ. ನಕ್ಷೆ ಇನ್ನೂ ಕಾಗದದ ಮೇಲಿದೆ ಎಂದರೆ ಗೇಟನ್ನೇ ಆರು ಅಡಿ ಆಚೆಗೆ ಸರಿಸಿ. ಎಲ್ಲಕ್ಕಿಂತ ಕಮ್ಮಿ ಖರ್ಚಿನ ದಾರಿ ಅದೇ.

ಪ್ರಶ್ನೆ: ಜಯಲಕ್ಷ್ಮೀಪುರಂನಲ್ಲಿ 60×90 ಅಡಿ ಸೈಟು, ತಂದೆಯ ಹೆಸರಲ್ಲಿದೆ. ತಂದೆ ತೀರಿಕೊಂಡಿದ್ದಾರೆ, ವಿಲ್ ಇಲ್ಲ. ತಾಯಿ, ನಾವಿಬ್ಬರು ಗಂಡುಮಕ್ಕಳು, ಮದುವೆಯಾದ ಒಬ್ಬ ತಂಗಿ. ಬಿಲ್ಡರ್ ಒಬ್ಬರು ಜಂಟಿ ಅಭಿವೃದ್ಧಿಗೆ ಕೇಳುತ್ತಿದ್ದಾರೆ: ಹತ್ತು ಫ್ಲ್ಯಾಟ್, ಅರ್ಧ ನಮಗೆ ಅರ್ಧ ಅವರಿಗೆ, ಜೊತೆಗೆ ಮುಂಗಡ. ಒಪ್ಪಬಹುದೆ?
— ಓದುಗರು, ಜಯಲಕ್ಷ್ಮೀಪುರಂ

ಉತ್ತರ: ಒಪ್ಪಬಹುದು, ಆದರೆ "ಅರ್ಧ" ಎಂಬ ಒಂದೇ ಮಾತಿಗೆ ಅಲ್ಲ.

ಮೊದಲು ಹಕ್ಕು. ತಂದೆ ಸ್ವಂತ ದುಡಿಮೆಯಲ್ಲಿ ಪಡೆದ ಸೈಟಾಗಿದ್ದರೆ ತಾಯಿಗೂ ಮೂವರು ಮಕ್ಕಳಿಗೂ ಸಮಪಾಲು, ತಲಾ ನಾಲ್ಕನೇ ಒಂದು. "ತಂಗಿಗೆ ಮದುವೆ ಖರ್ಚು ಮಾಡಿದ್ದೇವೆ" ಎನ್ನುವುದು ನೋಂದಣಿ ಕಚೇರಿಯಲ್ಲಿ ನಡೆಯುವುದಿಲ್ಲ. ಒಂದೋ ಅವರೂ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬೇಕು. ಹಳೇ ಬಡಾವಣೆಗಳಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಆಮೇಲೆ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದ ಎಷ್ಟೋ ಸೈಟುಗಳಿಗೆ ಲೀಸ್ ಕಂ ಸೇಲ್ ಕರಾರು ಮಾತ್ರ ಇರುತ್ತದೆ, ಶುದ್ಧ ಕ್ರಯಪತ್ರ ಮಾಡಿಸಿಯೇ ಇರುವುದಿಲ್ಲ. ಅದು ಆಗದೆ ಮುಂದೆ ಹೋಗಬೇಡಿ. ನಾಲ್ವರ ಹೆಸರಿಗೂ ಖಾತೆ ಬದಲಾಗಿ ಇ-ಖಾತೆ ಕೈಗೆ ಬರಲಿ, ಅದಿಲ್ಲದೆ ನೋಂದಣಿಯೂ ಇಲ್ಲ.

ಇನ್ನು ಅರ್ಧ. ಯಾವುದರ ಅರ್ಧ? ಐದು ಫ್ಲ್ಯಾಟ್ ನಿಮ್ಮವು ಎಂದು ಬರೆದು, ಐದೂ ಹಿಂದುಗಡೆ, ನೆಲಮಹಡಿಯಲ್ಲಿ, ಚಿಕ್ಕ ಅಳತೆಯವು ಎಂದಾದರೆ ಅರ್ಧ ಎಲ್ಲಿ ಬಂತು? ಪಾಲನ್ನು ಕಾರ್ಪೆಟ್ ವಿಸ್ತೀರ್ಣದಲ್ಲಿ ಬರೆಯಿಸಿ. ಕಾರು ನಿಲ್ಲಿಸುವ ಜಾಗ, ತಾರಸಿ ಹಕ್ಕು, ಭೂಮಿಯಲ್ಲಿನ ಅವಿಭಜಿತ ಪಾಲು ಎಲ್ಲಕ್ಕೂ ಅದೇ ಪ್ರಮಾಣ ಇರಲಿ. ನಕ್ಷೆ ಮಂಜೂರಾದ ಮೇಲೆ ಯಾವ ಫ್ಲ್ಯಾಟ್ ಯಾರದು ಎಂದು ನಂಬರ್ ಸಮೇತ ಹಂಚಿಕೆ ಒಪ್ಪಂದ ಮಾಡಿಕೊಳ್ಳುವ ತನಕ ಅವರು ಒಂದು ಫ್ಲ್ಯಾಟನ್ನೂ ಮಾರುವಂತಿಲ್ಲ ಎಂದು ಮುಖ್ಯ ಒಪ್ಪಂದದಲ್ಲೇ ಸೇರಿಸಿ. ಎಷ್ಟು ಕಟ್ಟಬಹುದೆಂಬುದು ಸೈಟಿನ ಅಳತೆ ಮತ್ತು ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿರುತ್ತದೆ. ಬಿಲ್ಡರ್ ಹೇಳಿದ ಹತ್ತು ಫ್ಲ್ಯಾಟ್ ನಿಯಮದೊಳಗೆ ಬರುತ್ತದೆಯೇ ಎಂದು ನಿಮ್ಮದೇ ಎಂಜಿನಿಯರ್ ಕೈಲಿ ಲೆಕ್ಕ ಹಾಕಿಸಿ. ನಿಯಮ ಮೀರಿ ಎದ್ದ ಮೇಲಂತಸ್ತಿನಲ್ಲಿ ನಿಮ್ಮ ಪಾಲು ಇದ್ದರೆ ಅದು ಪಾಲೇ ಅಲ್ಲ.

ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಕೊಡುವಾಗ ಕೈ ಬಿಗಿಯಿರಲಿ. ಅದು ಬಿಲ್ಡರ್ ಪಾಲಿನ ಫ್ಲ್ಯಾಟುಗಳಿಗೆ ಮಾತ್ರ. ಸಾಲಕ್ಕೆ ಇಡೀ ಸೈಟನ್ನು ಅಡವಿಡುವ ಹಕ್ಕು ಬೇಡ. ಮೂಲ ಕ್ರಯಪತ್ರ ನಿಮ್ಮ ಬ್ಯಾಂಕ್ ಲಾಕರಿನಲ್ಲೇ ಇರಲಿ, ತೋರಿಸಬೇಕಾದಾಗ ನೀವೇ ಹೋಗಿ ತೋರಿಸಿ. ಗಡುವನ್ನು "ನಕ್ಷೆ ಮಂಜೂರಾದ ದಿನದಿಂದ ಇಷ್ಟು ತಿಂಗಳು" ಎಂದು ಬರೆದರೆ ನಕ್ಷೆಯೇ ಎರಡು ವರ್ಷ ಬರದಿರಬಹುದು. ಅದಕ್ಕೂ ಒಂದು ಗಡುವು ಹಾಕಿ. ಕೆಲಸ ಮುಗಿಯಿತು ಎನ್ನುವುದಕ್ಕೆ ಗುರುತು ಬಣ್ಣ ಬಳಿದದ್ದಲ್ಲ, ಸ್ವಾಧೀನಾನುಭವ ಪತ್ರ. ಅಲ್ಲಿಯವರೆಗೆ ನಿಮ್ಮ ಬಾಡಿಗೆ ಅವರದು, ತಡವಾದರೆ ತಿಂಗಳಿಗಿಷ್ಟು ಎಂದು ದಂಡವೂ ಇರಲಿ. ಮುಂಗಡ ಹಿಂದಿರುಗಿಸಬೇಕಾದದ್ದೋ ಅಲ್ಲವೋ ಸ್ಪಷ್ಟವಾಗಿರಲಿ. ಹಿಂದಿರುಗಿಸುವ ಮುಂಗಡವನ್ನು ತಂಗಿಯ ಪಾಲು ಕೊಡಲು ಖರ್ಚು ಮಾಡಿ, ಕೊನೆಗೆ ತೀರಿಸಲಾಗದೆ ಒಂದು ಫ್ಲ್ಯಾಟ್ ಬಿಟ್ಟುಕೊಟ್ಟ ಕುಟುಂಬಗಳಿವೆ.

60×90 ಅಡಿ ಎಂದರೆ ಸುಮಾರು 502 ಚದರ ಮೀಟರ್. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಮಿತಿಗಳು 500 ಚದರ ಮೀಟರ್ ಮತ್ತು ಎಂಟು ಫ್ಲ್ಯಾಟ್. ನಿಮ್ಮದು ಎರಡನ್ನೂ ದಾಟುವುದರಿಂದ ನೋಂದಣಿ ಕಡ್ಡಾಯ. ನಿಮ್ಮ ಪಾಲಿನ ಫ್ಲ್ಯಾಟುಗಳನ್ನು ಕಟ್ಟುತ್ತಿರುವಾಗಲೇ ಮಾರಿದರೆ ಕೊಂಡವರ ಎದುರು ನೀವೂ ಪ್ರವರ್ತಕರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ತೆರಿಗೆಯ ದೃಷ್ಟಿಯಿಂದಲೂ ಕಾಯುವುದು ಲೇಸು. ಒಪ್ಪಂದ ನೋಂದಣಿಯಾಗಿದ್ದರೆ ಬಂಡವಾಳ ಲಾಭದ ತೆರಿಗೆ ಪೂರ್ಣತಾ ಪತ್ರ ಬಂದ ವರ್ಷ ಬೀಳುತ್ತದೆ. ಅದಕ್ಕೂ ಮೊದಲು ಪಾಲು ಮಾರಿದರೆ ಈ ಸೌಲಭ್ಯ ಕೈಬಿಡುತ್ತದೆ. ಹಿಂದಿರುಗಿಸಬೇಕಿಲ್ಲದ ನಗದಿನಲ್ಲಿ ಶೇ 10ರಷ್ಟು ಮೂಲದಲ್ಲೇ ಕಡಿತವಾಗುತ್ತದೆ, ಆ ಪ್ರಮಾಣಪತ್ರ ಕೇಳಿ ಪಡೆಯಿರಿ.

ಪ್ರಶ್ನೆ: ಹಳೇ ಮನೆಯ ಇಟ್ಟಿಗೆ, ಮರ ಹೊಸ ಮನೆಗೆ ಬಳಸಬಹುದೆ?
— ಓದುಗರು, ಚಾಮುಂಡಿಪುರಂ

ಉತ್ತರ: ಮರ ಖಂಡಿತ. ಕೆಡವುವವರಿಗೆ ಒಟ್ಟು ಗುತ್ತಿಗೆ ಕೊಡುವ ಮೊದಲು ತೇಗ, ಬೀಟೆ, ಹೊನ್ನೆಯ ಬಾಗಿಲು, ಜಂತೆಗಳನ್ನು ಎಣಿಸಿ ಪಟ್ಟಿ ಮಾಡಿ. "ಮರ ನಮಗೆ, ಕೆಡವೋದು ಪುಕ್ಕಟೆ" ಎನ್ನುವ ಮಾತಿನಲ್ಲಿ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ. ಜಂತೆಯಿಂದ 5×3 ಇಂಚಿನ ಬಾಗಿಲ ಚೌಕಟ್ಟು ಸಲೀಸಾಗಿ ಬರುತ್ತದೆ. ಗೋಡೆಯೊಳಗೆ ಹುದುಗಿದ್ದ ತುದಿಯ ಒಂದಡಿಯನ್ನು ಮಾತ್ರ ಕತ್ತರಿಸಿ ಬಿಸಾಡಿ, ಗೆದ್ದಲು ಇರುವುದು ಅಲ್ಲೇ. ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಲ್ಲಿ ನೆನೆಸಿ ಮತ್ತೆ ತೂಗಿ. ತೂಕ ಶೇ 20ಕ್ಕಿಂತ ಹೆಚ್ಚಿದರೆ ಗೋಡೆಗೆ ಬೇಡ. ಪಾಸಾದರೂ ಕಾಂಪೌಂಡಿಗೋ ತೋಟದ ನೆಲಹಾಸಿಗೋ ಇಟ್ಟುಕೊಳ್ಳಿ. ಉಳಿದ ಅವಶೇಷವನ್ನು ರಾತ್ರಿ ರಿಂಗ್ ರಸ್ತೆ ಬದಿಗೆ ಸುರಿಯುವ ಟಿಪ್ಪರ್‌ನವರಿಗೆ ಕೊಡಬೇಡಿ. ಎಲ್ಲಿ ಹಾಕುತ್ತಾರೆಂದು ಪಾಲಿಕೆಗೆ ಮೊದಲೇ ತಿಳಿಸಿ ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ: ಮಂಡ್ಯದಲ್ಲಿ ಹಿಂದೆ ಗದ್ದೆಯಾಗಿದ್ದ ಜಾಗದ ಹೊಸ ಬಡಾವಣೆಯಲ್ಲಿ 30×40 ಸೈಟು ತಗೊಂಡಿದ್ದೇವೆ. ಅಕ್ಕಪಕ್ಕದ ಹೊಸ ಮನೆಗಳಲ್ಲಿ ನೆಲದಿಂದ ಮೂರಡಿ ತನಕ ತೇವ, ನೆಲ ಉಬ್ಬಿದೆ. ಒಬ್ಬರ ಸಂಪ್ ಮೇಲೆದ್ದಿದೆಯಂತೆ! ನಾವೇನು ಮಾಡಬೇಕು?
— ಓದುಗರು, ಮಂಡ್ಯ

ಉತ್ತರ: ಸಂಪ್ ಮೇಲೇಳುವುದು ನಿಜ, ಲೆಕ್ಕಕ್ಕೂ ಸಿಗುತ್ತದೆ. ಒಳ ಅಳತೆ 2.5×2×2 ಮೀಟರ್, ಅಂದರೆ 10,000 ಲೀಟರಿನ ಆರ್‌ಸಿಸಿ ಸಂಪ್ ತೆಗೆದುಕೊಳ್ಳಿ. ಎಲ್ಲ ಕಡೆ 15 ಸೆಂ.ಮೀ. ದಪ್ಪ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳು ತುಂಬಿದಾಗ ಅಂತರ್ಜಲ ನೆಲಮಟ್ಟಕ್ಕೆ ಬಂದರೆ ಅದನ್ನು ಮೇಲಕ್ಕೊತ್ತುವ ಬಲ ಸುಮಾರು 15 ಟನ್. ಸಂಪಿನ ಕಾಂಕ್ರೀಟ್ ತೂಕ ಸುಮಾರು 12 ಟನ್. ತೊಳೆಯಲೆಂದು ಖಾಲಿ ಮಾಡಿದ ದಿನವೇ ಅದು ಏಳುತ್ತದೆ. ತಳದ ಕಾಂಕ್ರೀಟ್ ಹಾಸನ್ನು ಸುತ್ತಲೂ ಒಂದಡಿ ಹೊರಕ್ಕೆ ಚಾಚಿಸಿ, ಮೇಲೆ ಕೂರುವ ಮಣ್ಣಿನ ಭಾರವೂ ಸಿಗುತ್ತದೆ. ನಾಲೆಯಲ್ಲಿ ನೀರಿರುವ ತಿಂಗಳುಗಳಲ್ಲಿ ಸಂಪಿನಲ್ಲಿ ಎರಡೂವರೆ ಅಡಿಗಿಂತ ಕಮ್ಮಿ ನೀರು ಇಡಬೇಡಿ.

ಪಾಯಕ್ಕೆ ಮೊದಲು ಮಣ್ಣಿನ ಪರೀಕ್ಷೆ, ಅದೂ ನಾಲೆಯಲ್ಲಿ ನೀರಿರುವಾಗ. ಬೇಸಿಗೆಯಲ್ಲಿ ತೋಡಿದ ಗುಂಡಿ ಒಣಗಿಯೇ ಕಾಣುತ್ತದೆ. ಲ್ಯಾಬಿನವರಿಗೆ ಮಣ್ಣಿನ ಧಾರಣ ಶಕ್ತಿಯ ಜೊತೆಗೆ ಉಬ್ಬುವಿಕೆಯ ಪ್ರಮಾಣವನ್ನೂ ಕೇಳಿ. ಅದು ಶೇ 50 ದಾಟಿದರೆ ಜೇಡಿ ಕೆಟ್ಟದ್ದು. ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುತ್ತ ಗೋಡೆಯನ್ನು ಕಿಟಕಿ ಕೆಳಮಟ್ಟದಲ್ಲಿ ಸೀಳುತ್ತದೆ. ಅಂಥ ಕಡೆ ಬುಡದಲ್ಲಿ ಗುಂಡು ಉಬ್ಬಿರುವ ಅಂಡರ್‌ರೀಮ್ ಪೈಲ್ ಒಳ್ಳೆಯದು. ಆಳ ಕನಿಷ್ಠ ಮೂರೂವರೆ ಮೀಟರ್, ಉಬ್ಬಿನ ವ್ಯಾಸ ಕಂಬದ ಎರಡೂವರೆ ಪಟ್ಟು. ಪೈಲುಗಳನ್ನು ಕಟ್ಟುವ ಬೀಮಿನ ಕೆಳಗೆ 80 ಮಿ.ಮೀ. ಖಾಲಿ ಜಾಗ ಇರಲೇಬೇಕು. ಮೇಸ್ತ್ರಿಗಳು "ಹಳ್ಳ ಯಾಕೆ" ಎಂದು ಅದನ್ನು ಮಣ್ಣಿನಿಂದ ತುಂಬಿಬಿಡುತ್ತಾರೆ, ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ.

ನೆಲದ ತೇವಕ್ಕೆ: ಗದ್ದೆಯ ಮೇಲ್ಮಣ್ಣನ್ನು ಬೇರು, ಕೊಳೆತ ಹುಲ್ಲಿನ ಸಮೇತ ಒಂದೂವರೆ ಅಡಿ ತೆಗೆಸಿ ಗರಸು ತುಂಬಿ. ಒಮ್ಮೆಗೆ ಆರೆಂಟು ಇಂಚು ಹಾಕಿ, ನೀರು ಹೊಡೆದು ದಮ್ಮಸ್ಸು ಮಾಡಿ, ಆಮೇಲೆ ಮುಂದಿನ ಪದರ. ಮನೆಯ ತಳ ರಸ್ತೆಗಿಂತ ಮೂರಡಿ ಎತ್ತರವಿರಲಿ. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ಅದು ಮೇಲೇರುತ್ತದೆ, ಮನೆ ಏರುವುದಿಲ್ಲ. ಗೋಡೆ ಏಳುವ ಮೊದಲು ಒಂದೂವರೆ ಇಂಚಿನ ತೇವತಡೆ ಕಾಂಕ್ರೀಟು ಎಲ್ಲೂ ತುಂಡಾಗದಂತೆ ಸುತ್ತ ಬರಲಿ. ಬಾಗಿಲ ಹೊಸಿಲ ಬಳಿ ಅದನ್ನು ಬಿಟ್ಟುಬಿಡುವುದು ಮಾಮೂಲಿ, ಅಲ್ಲಿಂದಲೇ ತೇವ ಹತ್ತುವುದು.

ಪ್ರಶ್ನೆ: ಬೋಗಾದಿ ಕಡೆ ಫ್ಲ್ಯಾಟ್ ನೋಡಿದ್ದೇವೆ. 1,200 ಚದರ ಅಡಿ ಎನ್ನುತ್ತಾರೆ, ಒಳಗೆ ಹೋದರೆ ಅಷ್ಟಿಲ್ಲ. ಮುಂಗಡ ಶೇ 20 ಕೇಳುತ್ತಿದ್ದಾರೆ. ಓಸಿ (ಸ್ವಾಧೀನಾನುಭವ ಪತ್ರ) "ಬರುತ್ತೆ" ಎನ್ನುತ್ತಾರೆ.
— ಓದುಗರು, ರಾಮಕೃಷ್ಣನಗರ

ಉತ್ತರ: 1,200ರಲ್ಲಿ ಮೆಟ್ಟಿಲು, ಲಿಫ್ಟ್, ಕಾರಿಡಾರಿನ ಪಾಲು ಸೇರಿರುತ್ತದೆ. ರೇರಾ ಪ್ರಕಾರ ಲೆಕ್ಕಕ್ಕೆ ಬರುವುದು ಕಾರ್ಪೆಟ್ ವಿಸ್ತೀರ್ಣ: ಒಳಗಿನ ನೆಲ ಮತ್ತು ಒಳಗೋಡೆ. ಹೊರಗೋಡೆ, ಬಾಲ್ಕನಿ, ಡಕ್ಟ್ ಇದರಲ್ಲಿಲ್ಲ. ಟೇಪ್ ಹಿಡಿದು ಅಳೆದು ಬೆಲೆಯನ್ನು ಅದರಿಂದ ಭಾಗಿಸಿ ನೋಡಿ, ನಿಜವಾದ ದರ ಆಗ ತಿಳಿಯುತ್ತದೆ. ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಶೇ 20 ಕೇಳಿದರೆ ಮೊದಲು ಕರಾರು ನೋಂದಣಿ ಮಾಡಿ ಎನ್ನಿ. ಓಸಿ ಬಂದಿದ್ದರೆ ಜಿಎಸ್‌ಟಿ ಇಲ್ಲ. ಬಂದಿಲ್ಲದಿದ್ದರೆ ಶೇ 5; ಕಾರ್ಪೆಟ್ 90 ಚದರ ಮೀಟರ್ ಒಳಗಿದ್ದು ಬೆಲೆ 45 ಲಕ್ಷ ಮೀರದಿದ್ದರೆ ಶೇ 1. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. "ಬರುತ್ತೆ" ಎಂಬ ಮಾತಿಗೆ ಈಗ ಬೆಲೆ ಇನ್ನೂ ಕಮ್ಮಿ: ಓಸಿ ಅಥವಾ ಪೂರ್ಣತಾ ಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಟ್ಟುವಾಗಿನ ತಾತ್ಕಾಲಿಕ ಕರೆಂಟಿನಲ್ಲಿ ವರ್ಷಗಟ್ಟಲೆ ದುಬಾರಿ ಬಿಲ್ ಕಟ್ಟಿಕೊಂಡು ಇರಬೇಕಾದೀತು.

ಪ್ರಶ್ನೆ: ಮೊದಲ ಮಹಡಿ ಮೋಲ್ಡ್ ಹಾಕಿ ಎಂಟು ದಿನವಾಯಿತು. ಸೆಂಟ್ರಿಂಗ್‌ನವರು ಜಾಕಿಗೆ ಬಾಡಿಗೆ ಏರುತ್ತಿದೆ, ತೆಗೆದು ಮೇಲಿನ ಮಹಡಿಗೆ ಹಾಕುತ್ತೇವೆ ಎನ್ನುತ್ತಿದ್ದಾರೆ.
— ಓದುಗರು, ವಿದ್ಯಾರಣ್ಯಪುರಂ

ಉತ್ತರ: ಮಾನಕದಲ್ಲಿರುವ ದಿನಗಳು ಇವು: ಕೋಣೆಯ ಅಗಲ ನಾಲ್ಕೂವರೆ ಮೀಟರಿನೊಳಗಿದ್ದರೆ ಮೋಲ್ಡಿನ ಆಸರೆಗೆ 7 ದಿನ, ಹೆಚ್ಚಿದ್ದರೆ 14. ಬೀಮಿನ ಆಸರೆಗೆ ಆರು ಮೀಟರಿನವರೆಗೆ 14, ಆಮೇಲೆ 21. ಆದರೆ ಇವು ಒಪಿಸಿ, ಅಂದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳಿದ್ದು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟು) ಶುರುವಿನಲ್ಲಿ ನಿಧಾನಕ್ಕೆ ಬಲ ಪಡೆಯುತ್ತದೆ. ಚೀಲದ ಮೇಲೆ ಯಾವುದೆಂದು ನೋಡಿ, ಪಿಪಿಸಿಯಾಗಿದ್ದರೆ 7ರ ಕಡೆ 10 ದಿನ, 14ರ ಕಡೆ 20 ದಿನ ಬಿಡಿ. ನೀರು ಹಾಯಿಸುವುದೂ ಅಷ್ಟೇ: ಒಪಿಸಿಗೆ ಏಳು ದಿನ ಸಾಕೆಂದರೆ ಪಿಪಿಸಿಗೆ ಹತ್ತು.

ಇನ್ನೊಂದು ವಿಷಯವನ್ನು ನಿಮ್ಮ ಸೆಂಟ್ರಿಂಗ್‌ನವರು ಹೇಳಿಲ್ಲ. ಮೇಲಿನ ಮಹಡಿಗೆ ಐದಿಂಚಿನ ಹಸಿ ಕಾಂಕ್ರೀಟು ಬಿದ್ದಾಗ ಅದರ ತೂಕ ಚದರ ಮೀಟರಿಗೆ 310 ಕೆಜಿ ದಾಟುತ್ತದೆ, ಆಳು, ಹಲಗೆ, ಜಾಕಿಯ ತೂಕ ಬೇರೆ. ಅಷ್ಟೂ ಇಳಿಯುವುದು ಕೆಳಗಿನ ಎಳೆ ಮೋಲ್ಡಿನ ಮೇಲೆ. ಆದ್ದರಿಂದ ಮೇಲಿನದನ್ನು ಹಾಕುವ ದಿನ ಕೆಳಗಿನ ಮಹಡಿಯಲ್ಲೂ, ಮೇಲಿನ ಜಾಕಿಗಳ ನೇರ ಕೆಳಗೆ, ಆಸರೆ ಇರಲೇಬೇಕು. ಅದಕ್ಕೆ ಇನ್ನೊಂದು ಸೆಟ್ ಜಾಕಿ ತರಿಸಿ, ಬಾಡಿಗೆ ದೊಡ್ಡದೇನಲ್ಲ. ತೆಗೆಯುವಾಗ ಕೋಣೆಯ ಮಧ್ಯದಿಂದ ಶುರುಮಾಡಿ ಗೋಡೆಯ ಕಡೆಗೆ ಹೋಗಲಿ. ಬಾಲ್ಕನಿ, ಸಜ್ಜಾಗಳಲ್ಲಿ ಮಾತ್ರ ಹೊರತುದಿಯಿಂದ ಒಳಕ್ಕೆ.